ಚುಕ್ಕಿ ಕಡಿಮೆಯಾದ ವರ್ಷ

೧೯೮೬ರಲ್ಲಿ ನಾನು ಸಾಲಿ ಬಿಟ್ಟೆ. ಏಳನೇ ಇಯತ್ತೆ. ದೀಪಾವಳಿ ಸೂಟಿ ಮುಗಿದು ಸಾಲಿಯ ಬಾಗಿಲು ಮತ್ತೆ ತೆರೆದಾಗ ನಾನು ಹೋಗಲಿಲ್ಲ. ಅಪ್ಪನ ಮಗ್ಗಕ್ಕೆ ಇನ್ನೊಂದು ಜೋಡಿ ಕೈ ಬೇಕಾಗಿತ್ತು, ನನ್ನವು ಖಾಲಿ ಇದ್ದವು. ಬಿಡಿಸಿದರು ಅಂತ ನಾನು ಯಾರ ಮುಂದೆಯೂ ಹೇಳಿಲ್ಲ. ಬಿಟ್ಟೆ ಅಂತಲೇ ಹೇಳುತ್ತ ಬಂದವನು. ಬನಹಟ್ಟಿಯಲ್ಲಿ ದುಡಿದು ಮೇಲೆ ಬಂದವನನ್ನು ಎಷ್ಟು ಕಲಿತೀಪಾ ಅಂತ ಯಾರೂ ಕೇಳುವುದಿಲ್ಲ, ಎಷ್ಟು ಮಗ್ಗ ಅದಾವು ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇತ್ತು. ತೊಂದರೆ ಶುರುವಾದದ್ದು ನಾನು ಬರೆಯಲು ಕುಳಿತ ಮೇಲೆ.

ಆದರೆ ಇದು ನನ್ನ ಕಥೆಯಲ್ಲ. ನಮ್ಮ ಓಣಿಯಲ್ಲಿ ಕೆಲವು ವರ್ಷ ಇದ್ದು, ಈ ಬೇಸಿಗೆಯಲ್ಲಿ ಬೀಳಗಿಯಲ್ಲಿ ತೀರಿಕೊಂಡ ಒಬ್ಬ ಅಕ್ಕೋರ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಅವರ ಹೆಸರು ಬರೆಯುವುದಿಲ್ಲ. ಒಮ್ಮೆ ಹತ್ತು ಮಂದಿಯ ಮುಂದೆ ಅವರ ಹೆಸರು ಹೇಳಿದ್ದೇನೆ, ಅದೇ ಸಾಕಾಗಿದೆ.

ಅವರು ನೌಕರಿ ಮುಗಿಸಿ ನಮ್ಮೆದುರಿನ ಮನೆಗೆ ಬಾಡಿಗೆಗೆ ಬಂದ ದಿನ, ನಾನೇ ಹೋಗಿ ಮೊದಲೇ ಹೇಳಿಬಿಟ್ಟೆ.

"ಅಕ್ಕೋರ, ಹಗಲೆಲ್ಲಾ ಮಗ್ಗದ ಸಪ್ಪಳ ಇರತೈತ್ರಿ. ಆಮ್ಯಾಲ ಬೈಬ್ಯಾಡ್ರಿ."

"ಮೂವತ್ತು ವರ್ಷ ಒಂದನೇತ್ತಾ ಕಲಿಸೇನ್ರಿ," ಅಂದರು, ಟ್ರಂಕಿನ ಮೇಲಿನ ಧೂಳು ಸೆರಗಿನಿಂದ ಒರೆಸುತ್ತ. "ನಿಮ್ಮ ಮಗ್ಗ ಏನು ಸಪ್ಪಳಾ ಮಾಡತಾವು? ಉಚ್ಚಿಗೆ ಹೋಗತೇನ್ರಿ ಅಂತ ಕೈ ಎತ್ತಂಗಿಲ್ಲಲ್ಲ ಅವು!"

ಅದಾದ ಕೆಲವು ತಿಂಗಳಿಗೆ ನನ್ನದೊಂದು ಬರಹ ನಮ್ಮ ಕಡೆಯ ವಾರಪತ್ರಿಕೆಯಲ್ಲಿ ಬಂತು. ನಮ್ಮವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಹೇಳುತ್ತಿದ್ದ ಮಾತುಗಳ ಬಗ್ಗೆ ಬರೆದಿದ್ದೆ. ಸಂಪಾದಕರು ನನ್ನ ಮೇಲಿನ ಪ್ರೀತಿಗೋ ಅಥವಾ ಪುರುಸೊತ್ತಿಲ್ಲದೆಯೋ, ಬರೆದದ್ದನ್ನು ಬರೆದಂತೆಯೇ ಅಚ್ಚು ಹಾಕಿದ್ದರು. ಅಕ್ಕೋರು ಪತ್ರಿಕೆ ಹಿಡಿದು ಓಣಿ ದಾಟಿ ಬಂದರು.

"ಇದನ್ನ ಬರದಾವ್ರು ನೀವ ಏನ್ರಿ?"

"ಹೌದ್ರಿ," ಅಂದು, ಹೊಗಳಿಕೆ ಬರುತ್ತದೆ ಅಂತ ನಿಂತೆ.

"ಛಲೋ ಬರದೀರಿ. ನಿಮ್ಮವ್ವಾರು ಕಣ್ಣ ಮುಂದ ಬಂದ್ರು. ಆದ್ರ ಅಕ್ಷರಕ್ಕೆಲ್ಲಾ ನೆಗಡಿ ಆಗೇತಿ."

ಒಳಗೆ ನನ್ನ ಹೆಂಡತಿ ಕಿಸಕ್ಕನೆ ನಕ್ಕಳು. ನನ್ನ ಕಿವಿ ಬಿಸಿಯಾದವು. "ನಾ ಸಾಲಿ ಕಲ್ತಾಂವಲ್ರಿ. ತಪ್ಪ ಇರತಾವ," ಅಂದೆ. ಮಾತು ವಿನಯದ್ದು, ದನಿ ಜಗಳದ್ದು.

"ಸಾಲಿ ಕಲ್ತಾವ್ರದೂ ಇರತಾವು ತಮ್ಮಾ. ಅವರು ಇಷ್ಟು ಸಿಟ್ಟಾಗಂಗಿಲ್ಲ ಅಷ್ಟ."

ಅಂದಿನಿಂದ ನಾನು ಅವರಿಗೆ "ರೀ" ಅಲ್ಲ, "ತಮ್ಮಾ" ಆದೆ.

ನಾವಿಬ್ಬರೂ ಕೂತು ಕೆಲಸ ಮಾಡುತ್ತಿದ್ದುದು ಕರೆಂಟ್ ಹೋದಾಗ. ಕರೆಂಟ್ ಇದ್ದರೆ ಮಗ್ಗ ನಡೆಯಬೇಕು, ಮಗ್ಗ ನಡೆದರೆ ಪಕ್ಕದವನ ಮಾತೂ ಕೇಳುವುದಿಲ್ಲ. ಕರೆಂಟ್ ಹೋದ ಕೂಡಲೇ ಓಣಿಗೆ ಓಣಿಯೇ ಗಪ್ಪಾಗುತ್ತಿತ್ತು, ಆ ಹೊತ್ತಿಗೆ ಅಕ್ಕೋರ ಚಪ್ಪಲಿ ಸಪ್ಪಳ ಕೇಳುತ್ತಿತ್ತು. ಹೊಸ್ತಿಲ ಹತ್ತಿರ ಬೆಳಕಿಗೆ ಕೂತು, ಉಡಿಯಲ್ಲಿ ಒಂದು ಹಿಡಿ ಚುನಮರಿ, ಅಂದರೆ ಮಂಡಕ್ಕಿ, ಹಾಕಿಕೊಂಡು, ತುರುಬಿನಿಂದ ಪೆನ್ಸಿಲ್ ಎಳೆದು ತೆಗೆಯುತ್ತಿದ್ದರು. ತಪ್ಪು ಇರುವ ಸಾಲಿನ ಅಂಚಿಗೆ ಒಂದು ಚುಕ್ಕಿ ಇಡುವುದು, ಮುಂದಿನ ಸಾಲಿಗೆ ಹೋಗುವುದು. ತಿದ್ದುತ್ತಿರಲಿಲ್ಲ. ಯಾವ ಶಬ್ದ ಅಂತಲೂ ಹೇಳುತ್ತಿರಲಿಲ್ಲ.

"ತಪ್ಪು ಯಾವುದ್ರಿ ಇದರಾಗ?"

"ಚುಕ್ಕಿ ಇಡೂದು ನನ್ನ ಕೆಲಸ. ಹುಡುಕೂದು ನಿಂದು."

ಬಟ್ಟೆ ವ್ಯಾಪಾರಿಗಳ ಅಂಗಡಿಯಲ್ಲಿ ಸೀರೆ ಮಡಚುವವರೂ ಹೀಗೆಯೇ ಮಾಡುತ್ತಾರೆ. ಎಳೆ ತಪ್ಪಿದ ಕಡೆ ಅಂಚಿಗೆ ಒಂದು ಬಣ್ಣದ ದಾರ ಕಟ್ಟಿ ನೇಕಾರನಿಗೆ ತಿರುಗಿ ಕೊಡುತ್ತಾರೆ, ತಾವು ಕೈ ಹಚ್ಚುವುದಿಲ್ಲ. ನಾನಿದನ್ನು ಹೇಳಿದಾಗ ಅಕ್ಕೋರಿಗೆ ಬಹಳ ಖುಷಿಯಾಯಿತು. "ಹಂಗಾದ್ರ ನಾನೂ ನಿಮ್ಮ ಧಂದೆದಾಕಿನ ಬಿಡು," ಅಂದರು.

ಚುಕ್ಕಿಯ ಸಾಲನ್ನು ಮೂರು ಸಲ ಓದಿಯೂ ನನಗೆ ತಪ್ಪು ಸಿಗದಿದ್ದರೆ ಅವರು ಓಣಿ ನೋಡುತ್ತ ಚುನಮರಿ ಬಾಯಿಗೆ ಎಸೆದುಕೊಳ್ಳುತ್ತಿದ್ದರು. "ನೀ ನಮ್ಮ ಸಾಲ್ಯಾಗ ಇದ್ದಿದ್ರ ನಿನ್ನ ಕಿಡಕಿ ಹಂತೇಕ ಕುಂದರಸತಿದ್ದೆ ತಮ್ಮಾ."

"ಯಾಕ್ರೀ?"

"ದಡ್ಡ ಹುಡುಗೂರಿಗೆ ಗಾಳಿ ಹೆಚ್ಚು ಬೇಕಾಗತೈತಿ."

ಮೊದಲ ಪುಸ್ತಕದ ಹಾಳೆಗಳ ಅಂಚಿನಲ್ಲಿ ಚುಕ್ಕಿಗಳು ಸಾಸಿವೆ ಚೆಲ್ಲಿದಂತೆ ಇದ್ದವು. ಎಲ್ಲ ಹುಡುಕಿ ತಿದ್ದಿದೆ. ಪುಸ್ತಕ ಬಂತು. ಮುಧೋಳದಿಂದ, ಜಮಖಂಡಿಯಿಂದ ಓದಿದ ಮಂದಿ ಫೋನ್ ಮಾಡಿ, "ಏಳನೇತ್ತಾ ಬಿಟ್ಟಾಂವ ಅಂತ ಅನಸಂಗಿಲ್ಲ ನೋಡ್ರಿ, ಒಂದ ತಪ್ಪಿಲ್ಲ," ಅಂದರು. ನಾನು ಬರೇ ಹೂಂ ಅಂದೆ. ಸೀರೆಯ ಮೇಲೆ ನೇಯ್ದವನ ಹೆಸರು ಇರುವುದಿಲ್ಲ, ಅಂಗಡಿಯ ಚೀಟಿ ಇರುತ್ತದೆ. ಜೀವನವೆಲ್ಲ ಬೇರೆಯವರ ಚೀಟಿಯ ಕೆಳಗೆ ನೇಯ್ದವನು ನಾನು. ಈ ಒಂದು ಸಲ ಚೀಟಿ ನನ್ನದಿರಲಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಕ್ಕೋರೂ ಏನೂ ಕೇಳಲಿಲ್ಲ.

ಎರಡನೆಯ ಪುಸ್ತಕದ ವರ್ಷ ಚುಕ್ಕಿಗಳು ಕಡಿಮೆಯಾದವು. ಹಾಳೆಗೆ ಒಂದೋ ಎರಡೋ. ಕೆಲವು ಹಾಳೆಗಳ ಅಂಚು ಖಾಲಿ. ನಾನು ಎಣಿಸುತ್ತ ಹೋದಂತೆ ನನ್ನ ಎದೆ ಉಬ್ಬಿತು.

"ಅಕ್ಕೋರ, ಚುಕ್ಕಿ ಕಡಿಮಿ ಆದವಲ್ರಿ!"

ಅವರು ಪೆನ್ಸಿಲ್ ತಿರುಗಿ ತುರುಬಿಗೆ ಸಿಕ್ಕಿಸಿದರು. "ಹೌದು ತಮ್ಮಾ, ಕಡಿಮಿ ಆದವು."

ಆ ಸಂಜೆ ಓಣಿಗೆಲ್ಲ ಮಿರ್ಚಿ ಭಜಿ ತರಿಸಿದೆ. ಯಾಕೆ ಅಂತ ಕೇಳಿದವರಿಗೆ ಸುಮ್ಮನೆ ಅಂದೆ. ಸಾಲಿ ಕಲಿಯದೆಯೂ ಕೊನೆಗೆ ಕಲಿತೆನಲ್ಲ ಅನ್ನುವ ಸೊಕ್ಕು ಒಳಗೆ ಇತ್ತು. ಆ ವರ್ಷ ಅಕ್ಕೋರು ಹಾಳೆಯನ್ನು ಮೂಗಿನ ಹತ್ತಿರ ತಂದು, ಬೆಳಕಿಗೆ ಓರೆಯಾಗಿ ಹಿಡಿದು, ಅತ್ತಿತ್ತ ವಾಲಿಸಿ ನೋಡುತ್ತಿದ್ದರು. ನಾವು ಸೀರೆ ನೋಡುವುದೂ ಹಾಗೆಯೇ. ಅವರು ನಮ್ಮನ್ನು ನೋಡಿ ಕಲಿತರು ಅಂದುಕೊಂಡು, ಅದಕ್ಕೂ ಒಂದು ಸಲ ಹೆಮ್ಮೆಪಟ್ಟೆ.

ಎರಡನೆಯ ಪುಸ್ತಕ ಬಂದ ಮೇಲೆ ಒಂದು ಮಧ್ಯಾಹ್ನ ವಾರಪತ್ರಿಕೆಯ ಸಂಪಾದಕರು ಮನೆಗೆ ಬಂದರು. ಕರೆಂಟ್ ಇರಲಿಲ್ಲ. ಅಕ್ಕೋರು ಹೊಸ್ತಿಲಲ್ಲಿ ನನ್ನ ಹೊಸ ಬರಹದ ಹಾಳೆ ಹಿಡಿದು ಕೂತಿದ್ದರು. ಸಂಪಾದಕರು ಚಾ ಕಪ್ಪಿನಿಂದ ಬಸಿಗೆ ಸುರುವಿಕೊಳ್ಳುತ್ತ ಕೇಳಿದರು: "ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಮೊದಲ ನೀವು ಕಳಸತಿದ್ದ ಬರಹಕ್ಕೂ ಈಗಿಂದಕ್ಕೂ ಅಜಗಜಾಂತರ ಐತಿ. ಯಾರ ಕಡೆ ತಿದ್ದಸತೀರಿ?"

ನಾನು ಅಕ್ಕೋರ ಕಡೆ ನೋಡಿದೆ. ಅಕ್ಕೋರು ಉಡಿಯ ಹಾಳೆಗಳನ್ನು ಬೋರಲು ಹಾಕಿ, ಅದರ ಮೇಲೆ ಚುನಮರಿ ಸುರುವಿದರು.

"ಅವರ ಕಂಪ್ಯೂಟರ್‌ದಾಗ ಒಂದು ಸಾಫ್ಟ್‌ವೇರ್ ಹಾಕ್ಯಾರ್ರೀ. ತಪ್ಪ ಹುಡುಕಿ ತೋರಸತೈತಂತ."

ಸಂಪಾದಕರ ಕಣ್ಣು ಅರಳಿದವು. "ಹೌದೇನ್ರಿ? ನಮ್ಮ ಮಂದಿ ಇಂಥಾದ ಒಂದು ಹುಡುಕಾಕತ್ತಾರ. ಯಾವುದು ನಂಬಬೇಕು, ಯಾವುದು ಬಿಡಬೇಕು ಯಾರಿಗೂ ತಿಳೀವಲ್ದು. ಬರೋ ಐತವಾರ ಜಮಖಂಡ್ಯಾಗ ಬರಿಯಾವ್ರು ಒಂದಿಷ್ಟು ಮಂದಿ ಕೂಡಾಕತ್ತೇವಿ. ನೀವ ಬಂದ ಹೇಳಿಬಿಡ್ರೆಲಾ."

"ಹೂಂ ಅಂದಾರ ನೋಡ್ರಿ," ಅಂದರು ಅಕ್ಕೋರು. ನಾನು ಏನೂ ಅಂದಿರಲಿಲ್ಲ.

ಸಂಪಾದಕರು ಹೋದ ಮೇಲೆ ನಾನು ತಲೆ ಹಿಡಿದುಕೊಂಡೆ. "ಅಕ್ಕೋರ, ನನ್ನ ಕಂಪ್ಯೂಟರ್‌ದಾಗ ಏನೈತ್ರಿ? ತಂಗಿ ಲಗ್ನದ ಫೋಟೋ ಅದಾವು!"

"ಹಾಕು ಮತ್ತ. ಸುಳ್ಳ ಹೇಳೇನಿ, ಐತವಾರದೊಳಗ ಖರೆ ಮಾಡೂಣು."

ನನ್ನ ಮರ್ಯಾದೆ ಕಾಯಲು ಸುಳ್ಳು ಹೇಳಿದರು ಅಂದುಕೊಂಡೆ. ನಾಚಿಕೆಯಾಯಿತು, ಆರಾಮವೂ ಆಯಿತು. ಎರಡೂ ಒಟ್ಟಿಗೇ ಆಗುತ್ತವೆ ಅಂತ ಅಂದು ತಿಳಿಯಿತು.

ಆ ವಾರ ಮೂರು ಸಾಫ್ಟ್‌ವೇರ್ ತರಿಸಿ ನೋಡಿದೆವು. ಒಂದು ಪುಕ್ಕಟೆ, ಉಳಿದೆರಡೂ ವರ್ಷಕ್ಕೆ ಇಷ್ಟು ಅಂತ ಹಣ ಕಟ್ಟುವಂಥವು. ಕಂಪ್ಯೂಟರ್‌ಗೆ ಕರೆಂಟ್ ಬೇಕು, ಕರೆಂಟ್ ಇದ್ದಾಗ ನಮಗೆ ಮಾತು ಕೇಳಬೇಕೆಂದರೆ ಮಗ್ಗ ನಿಲ್ಲಬೇಕು. ಹೆಂಡತಿ ಕಂಡಿಕೆ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು. "ಕರೆಂಟ್ ಇದ್ದಾಗ ಮಗ್ಗ ಬಂದ್ ಮಾಡಿದ ನೇಕಾರ ಬನಹಟ್ಟ್ಯಾಗ ನೀವೊಬ್ಬರ ನೋಡ್ರಿ. ಮೂರ್ತಿ ಮಾಡಿ ನಿಂದರಸತಾರ."

ಅಕ್ಕೋರು ಮೂರು ಹಾಳೆ ತಯಾರು ಮಾಡಿದ್ದರು. ಒಂದರಲ್ಲಿ ಬೇಕಂತಲೇ ತಪ್ಪು ಬರೆಸಿದ್ದು, ಒಂದರಲ್ಲಿ ತಪ್ಪೇ ಇಲ್ಲದ್ದು, ಇನ್ನೊಂದರಲ್ಲಿ ನಮ್ಮವ್ವನ ಮಾತು, ಆಡಿದ್ದು ಆಡಿದಂತೆ. "ತಪ್ಪಿನ ಹಾಳಿ ಎಲ್ಲಾರೂ ಹಿಡಿತಾರ. ತಪ್ಪಿಲ್ಲದ ಹಾಳಿ ಕೊಟ್ಟು ನೋಡಬೇಕು ತಮ್ಮಾ, ಅವಾಗ ಮಾಸ್ತರ ಎಂಥಾಂವ ಗೊತ್ತಾಗತೈತಿ."

ಪುಕ್ಕಟೆಯದು ತಪ್ಪಿಲ್ಲದ ಹಾಳೆಯ ಮೇಲೆಲ್ಲ ಕೆಂಪು ಗೆರೆ ಎಳೆಯಿತು. "ಇಂವ ಹೊಸಾ ಮಾಸ್ತರ. ತನಗ ಬರತೈತಿ ಅಂತ ತೋರಸಾಕ ಎಲ್ಲಾರ ಪಾಟಿ ಮ್ಯಾಲೂ ತಪ್ಪ ಹಾಕತಾನ," ಅಂದರು. ಎರಡನೆಯದು ಗೆರೆ ಎಳೆಯಲಿಲ್ಲ. ನಾವು ನೋಡುನೋಡುತ್ತಿದ್ದಂತೆ ನಮ್ಮವ್ವನ ಮಾತನ್ನು ತಾನೇ ತಿದ್ದಿಬಿಟ್ಟಿತು. ಓದಿದರೆ ಬೆಂಗಳೂರಿನ ಯಾರೋ ದೊಡ್ಡ ಹೆಣ್ಣುಮಗಳು ಭಾಷಣ ಮಾಡಿದಂತಿತ್ತು. ಅಕ್ಕೋರಿಗೆ ನಿಜವಾಗಿ ಸಿಟ್ಟು ಬಂತು. "ತಗದ ಒಗಿ ಅದನ್ನ. ಕೇಳಲಾರದ ತಿದ್ದಾಂವ ಕಳ್ಳ."

ಮೂರನೆಯದು ಎಲ್ಲ ತಪ್ಪು ಹಿಡಿಯಲಿಲ್ಲ. ವಾಕ್ಯದ ತಪ್ಪು ಹಿಡಿಯುವುದರಲ್ಲಿ ಮೂರೂ ಸೋತವು, ಅದನ್ನು ಬರಹಗಾರರು ತಿಳಿದಿರುವುದು ಛಲೋ. ಆದರೆ ಈ ಮೂರನೆಯದು ಸಂಶಯ ಬಂದಲ್ಲಿ ಗೆರೆ ಎಳೆದು ಸುಮ್ಮನಿರುತ್ತಿತ್ತು. ಇದು ನಮ್ಮ ಶಬ್ದ, ಬಿಟ್ಟುಬಿಡು ಅಂತ ಒಮ್ಮೆ ಹೇಳಿದರೆ ನೆನಪಿಡುತ್ತಿತ್ತು. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತಿತ್ತು, ಅಂದರೆ ನಮ್ಮ ಬರಹ ಎಲ್ಲೆಲ್ಲಿಗೋ ಹೋಗಿ ಬರುತ್ತಿರಲಿಲ್ಲ. "ದಡ್ಡ ಐತಿ. ಆದ್ರ ಪ್ರಾಮಾಣಿಕ ಐತಿ. ಇದನ್ನ ತಗೋ," ಅಂದರು.

ಪ್ರತಿಯೊಂದು ತೆರೆದಾಗಲೂ ಅಕ್ಕೋರು ಮೊದಲು ಕೇಳುತ್ತಿದ್ದ ಪ್ರಶ್ನೆ ಬೇರೆಯೇ ಇತ್ತು. "ಇದರಾಗ ಅಕ್ಷರ ದೊಡ್ಡು ಮಾಡಾಕ ಬರತೈತೇನು? ಓದಿ ಹೇಳತೈತೇನು?" ಭಾಷಣಕ್ಕೆ ಬೇಕು ಅಂತ ಕೇಳುತ್ತಾರೆ ಅಂದುಕೊಂಡು, ಅದನ್ನು ನನ್ನ ಚೀಟಿಯ ಕಟ್ಟಕಡೆಗೆ ಬರೆದುಕೊಂಡೆ.

ಐತವಾರ ಇಬ್ಬರೂ ಬಸ್ಸಿಗೆ ಜಮಖಂಡಿಗೆ ಹೋದೆವು. ಸಭೆ ಒಂದು ಸಾಲಿಯ ಕೋಣೆಯಲ್ಲಿ ಇತ್ತು. ಏಳನೇ ಇಯತ್ತೆ ಬಿಟ್ಟ ಮೇಲೆ ಸಾಲಿಯ ಬೆಂಚಿನ ಮೇಲೆ ನಾನು ಕೂತದ್ದು ಅಂದೇ. ನನ್ನ ಸರದಿ ಬಂದಾಗ ಎದ್ದು ಅಕ್ಕೋರು ಕಲಿಸಿದ್ದನ್ನೆಲ್ಲ ಹೇಳಿದೆ. ಮೂರು ಹಾಳೆಯ ಪರೀಕ್ಷೆ ಹೇಳಿದೆ, ಹೊಸ ಮಾಸ್ತರ, ಕಳ್ಳ, ದಡ್ಡ ಅಂತ ಹೇಳಿದಾಗ ಮಂದಿ ನಕ್ಕರು. ನಿವೃತ್ತ ಪ್ರಾಧ್ಯಾಪಕರು, ಕವಿಗಳು ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದರು. ಇದರಲ್ಲಿ ನನ್ನದು ಒಂದು ಮಾತೂ ಇಲ್ಲವಲ್ಲ ಅನ್ನಿಸಿತು.

ಆಗ ಸಂಪಾದಕರೇ ಕೇಳಿದರು: "ನಿಮ್ಮ ಎರಡೂ ಪುಸ್ತಕ ಇದರಾಗ ತಿದ್ದಿದ್ದ ಏನ್ರಿ?"

ಇನ್ನು ಹೊರಲಾರೆ ಅನ್ನಿಸಿತು. "ಇಲ್ಲರಿ. ಖರೆ ಹೇಳಿಬಿಡತೇನಿ. ಅಲ್ಲಿ ಕಿಡಕಿ ಹಂತೇಕ ಕುಂತಾರಲ್ಲ, ನಮ್ಮ ಅಕ್ಕೋರು, ಎರಡೂ ಪುಸ್ತಕ ಅವರ ತಿದ್ದಿದ್ದು," ಅಂದು ಅವರ ಪೂರ್ತಿ ಹೆಸರು, ಅವರು ಕಲಿಸಿದ ಸಾಲಿಯ ಹೆಸರು ಎಲ್ಲ ಹೇಳಿದೆ.

ಚಪ್ಪಾಳೆ ಬಿತ್ತು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಕ್ಕೋರು ಚಪ್ಪಾಳೆಗೆ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಎಡಗಡೆಯ ಬೆಂಚಿನಿಂದ ಒಬ್ಬ ಹಿರಿಯರು ನನ್ನ ಎರಡನೆಯ ಪುಸ್ತಕ ಹಿಡಿದು ಎದ್ದರು. ಕೆಟ್ಟ ಮನುಷ್ಯರಲ್ಲ, ನಗುತ್ತಲೇ ಕೇಳಿದರು.

"ಹಂಗಾದ್ರ ಅಕ್ಕೋರನ್ನ ಕೇಳಬೇಕಾತು. ಮೊದಲನೇ ಪುಸ್ತಕ ಬೆಳ್ಳಿ ತೊಳದಂಗ ಐತಿ. ಇದರಾಗ ಹಾಳಿ ಹಾಳಿಗೂ ತಪ್ಪ ಉಳದಾವು. ಸಾಫ್ಟ್‌ವೇರಿಂದ ಅಂದುಕೊಂಡು ಸುಮ್ಮನಿದ್ದೆ. ನೀವು ನೋಡೇರಿ ಅಂದ್ರ ಹಿಂಗ್ಯಾಕ್ರೀ?"

ಅಕ್ಕೋರು ಎದ್ದು ನಿಂತರು. ಕೇಳಿದವರು ಎಡಕ್ಕೆ ಇದ್ದರು. ಅಕ್ಕೋರು ಬಲಕ್ಕೆ, ಯಾರೂ ಇಲ್ಲದ ಗ್ವಾಡಿಯ ಕಡೆ ಮುಖ ಮಾಡಿ, "ವಯಸ್ಸಾತ್ರಿ. ಗಮನ ತಪ್ಪೇತಿ," ಅಂದರು. ಮುಂದಿನ ಬೆಂಚು ಎಲ್ಲಿದೆ ಅಂತ ಕೈಯಿಂದ ತಡವಿ ಕೂತರು.

ಗ್ವಾಡಿಗೆ ಹೇಳಿದ ಆ ಉತ್ತರ ಎಲ್ಲರಿಗೂ ತಿಳಿಯಿತು, ನನಗೂ ತಿಳಿಯಿತು. ಚುಕ್ಕಿ ಯಾಕೆ ಕಡಿಮೆಯಾಗಿದ್ದವು, ಹಾಳೆ ಯಾಕೆ ಮೂಗಿಗೆ ಬರುತ್ತಿತ್ತು, ಅಕ್ಷರ ದೊಡ್ಡದಾಗುತ್ತದೆಯೇ ಅಂತ ಯಾಕೆ ಕೇಳುತ್ತಿದ್ದರು, ಎಲ್ಲ ಒಮ್ಮೆಲೆ. ನಾನು ಏನೂ ಕಲಿತಿರಲಿಲ್ಲ. ಅವರಿಗೆ ಕಾಣುತ್ತಿರಲಿಲ್ಲ, ಅಷ್ಟೇ. ಆ ಸಂತೋಷಕ್ಕೆ ನಾನು ಓಣಿಗೆಲ್ಲ ಭಜಿ ಹಂಚಿದ್ದೆ.

ತಿರುಗಿ ಬರುವಾಗ ಕಬ್ಬಿನ ಟ್ರ್ಯಾಕ್ಟರ್ ಒಂದಕ್ಕೆ ಅಡ್ಡ ಸಿಕ್ಕು ಬಸ್ಸು ನಿಂತಾಗ ಅವರೇ ಕೇಳಿದರು.

"ನಿಮ್ಮ ಮನಸ ಹಗರ ಆತೇನ್ರಿ?"

"ನಿಮ್ಮ" ಅಂದರು. "ಏನ್ರಿ" ಅಂದರು. ನಾನು ಕಿಡಕಿಯ ಕಡೆ ನೋಡಿದೆ. "ಆಗಿತ್ರಿ ಅಕ್ಕೋರ. ಈಗ ಇಲ್ಲ."

"ಸಕ್ಕರಿ ಬ್ಯಾನಿ ಕಣ್ಣಿಗೆ ಇಳದೈತ್ರಿ. ಬಾಗಲಕೋಟಿ ಡಾಕ್ಟರ್ ಇನ್ನ ಇಷ್ಟ ಕಾಣೂದು ಅಂತ ಹೇಳಿಬಿಟ್ಟಾರ."

"ನನಗೊಂದ ಮಾತ ಹೇಳಬಾರದಾಗಿತ್ತೇನ್ರಿ?"

"ಹೇಳಿದ್ರ ನನಗ ಹಾಳಿ ಕೊಡತಿದ್ರೇನು?"

ಕೊಡುತ್ತಿರಲಿಲ್ಲ. ಪಾಪ ಅಂತ ಬಿಡಿಸುತ್ತಿದ್ದೆ, ದೊಡ್ಡ ಮನಸ್ಸು ಮಾಡಿದೆ ಅಂತ ಅಂದುಕೊಳ್ಳುತ್ತಿದ್ದೆ. ಇದು ಅವರಿಗೆ ಗೊತ್ತಿತ್ತು.

"ಅದಕ್ಕ ಸಾಫ್ಟ್‌ವೇರ್ ಅಂದೆ. ನಿಮ್ಮ ಸಲುವಾಗಿ ಅಂತ ತಿಳ್ಕೊಂಡೀರಿ, ಅಲ್ರಿ, ನನ್ನ ಸಲುವಾಗಿ. ನೀವು ಮೊದಲ ಅದರಾಗ ಹಾಕಿ ಒರಟು ಕಸಾ ತಗೀತೀರಿ, ಉಳದದ್ದು ನಾ ದೊಡ್ಡ ಅಕ್ಷರ ಮಾಡಿಕೊಂಡು ನೋಡತೇನಿ. ಯಾರಿಗೂ ಗೊತ್ತಾಗತಿದ್ದಿಲ್ಲ. ಇನ್ನೊಂದು ಪುಸ್ತಕ ಆಗತಿತ್ತು."

"ಖರೆ ಹೇಳಿದ್ರ ಛಲೋ ಅಂತ ತಿಳದೆ ಅಕ್ಕೋರ..."

"ಬರೇ ನಿಮ್ಮ ಖರೆ ಇದ್ದಿದ್ರ ಹೇಳಬೇಕಾಗಿತ್ತು. ಅದರಾಗ ನಂದೂ ಇತ್ತಲ್ರಿ. ಕೇಳಬೇಕಾಗಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಜಗಳ ಆಡಿ ಹಗುರಾಗುತ್ತಿದ್ದೆನೇನೋ.

ಆಮೇಲೂ ಅವರು ಮನೆಗೆ ಬರುತ್ತಿದ್ದರು, ಚಾ ಕುಡಿಯುತ್ತಿದ್ದರು, ನನ್ನ ಹೆಂಡತಿಯ ಜೊತೆ ಉಪ್ಪಿನಕಾಯಿ ಮಾತಾಡುತ್ತಿದ್ದರು. ಆದರೆ ಹಾಳೆ ಕೇಳಲಿಲ್ಲ. ಒಮ್ಮೆ ನಾನಾಗಿ ಉಡಿಯಲ್ಲಿ ಇಟ್ಟೆ, ತೆಗೆದು ಪಕ್ಕಕ್ಕಿಟ್ಟರು. "ಸಾಫ್ಟ್‌ವೇರ್ ಐತೆಲ್ರಿ ನಿಮ್ಮಲ್ಲಿ." ನಾನು ಓದುತ್ತೇನೆ, ನೀವು ಕೇಳಿ ಹೇಳ್ರಿ ಅಂದೆ. "ಕಿವಿಗೆ ಎಲ್ಲಾ ಛಲೋನ ಕೇಳತೈತ್ರಿ. ಅದು ತಪ್ಪ ಹಿಡಿಯಂಗಿಲ್ಲ," ಅಂದರು. ಪೆನ್ಸಿಲ್ ತುರುಬಿನಲ್ಲಿ ಇರಲಿಲ್ಲ.

ಬೀಳಗಿಯಲ್ಲಿದ್ದ ಅವರ ತಂಗಿ ಬಂದು ಅವರನ್ನು ಕರೆದುಕೊಂಡು ಹೋದಳು. ಒಮ್ಮೆ ನೋಡಲು ಹೋದೆ. ಪಡಸಾಲೆಯಲ್ಲಿ ಕೂತಿದ್ದರು, ನನ್ನ ದನಿಗೆ ಗುರುತು ಹಿಡಿದರು. ತಂಗಿಯನ್ನು ಕರೆದು, "ಬನಹಟ್ಟಿಯಿಂದ ಸಾಹಿತಿಗಳು ಬಂದಾರ. ಕಾಲಿಗೆ ನೀರು ಕೊಡು, ಚಾ ಇಡು," ಅಂದರು. ನಾನು ಹೊರಡುವಾಗ ಕಾಲು ಮುಟ್ಟಿದೆ. ಒಮ್ಮೆ ತಮ್ಮಾ ಅನ್ನುತ್ತಾರೇನೋ ಅಂತ ಸ್ವಲ್ಪ ಹೆಚ್ಚೇ ಹೊತ್ತು ಬಗ್ಗಿದ್ದೆ. "ಚೆಂದಾಗಿ ಬರೀರಿ," ಅಂದರು.

ಈ ಬರಹವನ್ನು ಅಚ್ಚಿಗೆ ಕಳಿಸುವ ಮೊದಲು ಸಾಫ್ಟ್‌ವೇರಿನಲ್ಲಿ ಹಾಕಿ ನೋಡಿದೆ. ಅಕ್ಕೋರ ಮಾತುಗಳ ಕೆಳಗೆಲ್ಲ ಗೆರೆ ಬಂತು. ಒಂದೊಂದಕ್ಕೂ ಬಿಡು, ಬಿಡು ಅಂತ ಒತ್ತುತ್ತ ಬಂದೆ. ಗೆರೆ ಬೀಳದ ಕಡೆ ತಪ್ಪು ಉಳಿದಿದ್ದರೆ ನನಗೆ ತಿಳಿಯುವುದಿಲ್ಲ, ಅದು ನನ್ನದು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮಗ್ಗ ಆರು. ಪುಸ್ತಕ ಎರಡು, ಬರೆದು ಮುಗಿಸಿಯೂ ಅಚ್ಚಿಗೆ ಕೊಡದ ಇನ್ನೊಂದು. ಸಾಫ್ಟ್‌ವೇರ್ ಒಂದು. ಕಣ್ಣು ಎರಡು, ಎರಡೂ ಛಲೋ ಇವೆ.